ಮುಟ್ಟೆಂದು ಸುತ್ತು ಹಾಕಿದ ತಾರೀಖು: ಬಸಿರಿನಲ್ಲಿ ಕಾಣುವ ರಕ್ತದ ಕುರಿತು ಒಂದು ಚರ್ಚೆ

ಕಿಟಕಿಯಂಚು, ಘಾಟ್ಕೋಪರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಸಂಕೋಚದ್ದು. ಆದರೂ ಇಂಥದ್ದನ್ನು ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ತಿಳಿದುಕೊಳ್ಳಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನನಗೆ 31 ವರ್ಷ, ಮಗಳಿಗೆ ಐದು. ನನ್ನ ಮುಟ್ಟು 28ರಿಂದ 30 ದಿನಗಳಿಗೊಮ್ಮೆ ತಪ್ಪದೆ ಬರುತ್ತದೆ. ಬಂದ ದಿನ ಅಡಿಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಪೆನ್ನಿನಿಂದ ಒಂದು ಸುತ್ತು ಹಾಕುವುದು ಮದುವೆಗೆ ಮುಂಚಿನಿಂದ ಬಂದ ರೂಢಿ. ಈ ವರ್ಷ ಮಾರ್ಚ್ 4ಕ್ಕೆ ಸುತ್ತು ಹಾಕಿದ್ದೆ. ಏಪ್ರಿಲ್ 2ರಂದು ಮತ್ತೆ ರಕ್ತ ಕಂಡಿತು, ಮತ್ತೆ ಸುತ್ತು ಹಾಕಿದೆ. ಎಂದಿನಂತೆ ಎರಡನೆಯ ದಿನ ಜೋರಾಗಲಿಲ್ಲ ಎಂಬುದು ಗಮನಕ್ಕೆ ಬಂದಿತ್ತು. ಮೂರೂ ದಿನ ಕಾಫಿ ಡಿಕಾಕ್ಷನ್ನಿನ ಬಣ್ಣದ ಕಲೆ ಅಷ್ಟೇ. ದಿನಕ್ಕೆ ಒಂದು ಪ್ಯಾಡ್ ಕೂಡ ಪೂರ್ತಿ ನೆನೆಯಲಿಲ್ಲ. ಕಿಬ್ಬೊಟ್ಟೆ ಹಿಡಿದಂತಾಗಿದ್ದರಿಂದ ಪ್ರತಿ ತಿಂಗಳು ತೆಗೆದುಕೊಳ್ಳುವ ನೋವಿನ ಮಾತ್ರೆಯನ್ನು ಎರಡು ಬಾರಿ ನುಂಗಿದೆ. ಓಡಾಟ ಹೆಚ್ಚಾಗಿ ಮುಟ್ಟು ಕಡಿಮೆಯಾಗಿರಬೇಕೆಂದು ಸುಮ್ಮನಾದೆ.

ಮೇ ತಿಂಗಳಲ್ಲಿ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸತೊಡಗಿತು. ಮನೆಯಲ್ಲೇ ಪರೀಕ್ಷೆ ಮಾಡಿದರೆ ಎರಡು ಗೆರೆ. ನರ್ಸಿಂಗ್ ಹೋಮಿನಲ್ಲಿ ಕೊನೆಯ ಮುಟ್ಟು ಏಪ್ರಿಲ್ 2 ಎಂದು ಹೇಳಿದೆ. ಹೆರಿಗೆಯ ದಿನ ಜನವರಿ 9 ಎಂದು ಚೀಟಿಯಲ್ಲಿ ಬರೆದರು. ಮೇ 14ರಂದು ಸೋನೋಗ್ರಫಿ ಮಾಡಿದಾಗ ಆರು ವಾರದ ಬದಲು ಹತ್ತು ವಾರದ ಕೂಸು ಕೈಕಾಲು ಆಡಿಸುತ್ತಿತ್ತು. ಹೆರಿಗೆಯ ದಿನ ಡಿಸೆಂಬರ್ 11ಕ್ಕೆ ಬಂದು ಕುಳಿತಿತು.

ನಮ್ಮ ಅತ್ತೆಯವರು, 'ಬಸಿರಿನಲ್ಲೂ ಮೊದಲ ಒಂದೆರಡು ತಿಂಗಳು ಮುಟ್ಟಾಗುವುದುಂಟು, ನನ್ನ ದೊಡ್ಡ ನಾದಿನಿಗೂ ಹಾಗೆಯೇ ಆಗಿತ್ತು' ಎನ್ನುತ್ತಾರೆ. ಇದು ನಿಜವೇ? ನಿಜವಲ್ಲದಿದ್ದರೆ ಏಪ್ರಿಲ್ ತಿಂಗಳಲ್ಲಿ ನನಗೆ ಆಗಿದ್ದೇನು? ನುಂಗಿದ ಮಾತ್ರೆಗಳಿಂದ ಏನಾದರೂ ತೊಂದರೆಯಾಗಿರಬಹುದೇ?

ಸ್ತ್ರೀರೋಗ ವೈದ್ಯೆ, ಕೋಥರೂಡ್, ಪುಣೆ

ನಿಮ್ಮ ಅತ್ತೆಯವರು ಕಂಡದ್ದು ಸುಳ್ಳಲ್ಲ, ಅದಕ್ಕೆ ಇಟ್ಟ ಹೆಸರು ಮಾತ್ರ ತಪ್ಪು. ಬಸಿರಿನಲ್ಲಿ ರಕ್ತ ಕಾಣಿಸಬಹುದು, ಮುಟ್ಟು ಬರಲಾರದು. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಕಾರಣ ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಹಳದಿ ಬಣ್ಣದ ಒಂದು ಪುಟ್ಟ ಗಂಟು ಉಳಿಯುತ್ತದೆ. ನಾವು ಅದನ್ನು ಕಾರ್ಪಸ್ ಲೂಟಿಯಂ ಎನ್ನುತ್ತೇವೆ. ಅದು ತಯಾರಿಸುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಗರ್ಭಕೋಶದ ಒಳಪದರವನ್ನು ಕಳಚದಂತೆ ಹಿಡಿದಿಡುತ್ತದೆ. ಗರ್ಭ ಕಟ್ಟದಿದ್ದರೆ ಆ ಗಂಟು ಎರಡು ವಾರಗಳೊಳಗೆ ಸೊರಗುತ್ತದೆ, ಹಾರ್ಮೋನು ಇಳಿಯುತ್ತದೆ, ಹಿಡಿತ ತಪ್ಪಿದ ಒಳಪದರ ರಕ್ತದೊಂದಿಗೆ ಇಳಿದುಹೋಗುತ್ತದೆ, ಮುಟ್ಟೆಂದರೆ ಇದೇ. ಗರ್ಭ ಕಟ್ಟಿದರೆ, ಗೋಡೆಗೆ ಅಂಟಿಕೊಂಡ ಆ ಸಾಸಿವೆ ಕಾಳಿಗಿಂತಲೂ ಸಣ್ಣ ಜೀವಕಣಗಳ ಗುಂಪು ಎಚ್‌ಸಿಜಿ ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಹಳದಿ ಗಂಟು ಸೊರಗದಂತೆ, ಪ್ರೊಜೆಸ್ಟೆರಾನ್ ಇಳಿಯದಂತೆ ನೋಡಿಕೊಳ್ಳುವುದು ಅದೇ. ಕೂಸನ್ನು ಹೊತ್ತಿರುವ ಹಾಸಿಗೆ ಪೂರ್ತಿ ಕಳಚಿ ಬಿದ್ದರೆ ಕೂಸು ಉಳಿಯುವುದಾದರೂ ಎಲ್ಲಿ?

ಹಾಗಾದರೆ ಕಂಡ ರಕ್ತ ಯಾವುದು? ಗರ್ಭಿಣಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೊದಲ ಮೂರು ತಿಂಗಳಲ್ಲಿ ಒಮ್ಮೆಯಾದರೂ ಸ್ವಲ್ಪವೋ ಹೆಚ್ಚೋ ರಕ್ತ ಕಾಣುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬಸಿರು ಮುಂದುವರಿಯುತ್ತದೆ. ಅಂಡ ಫಲಿತಗೊಂಡ ಮೇಲೆ ಆರರಿಂದ ಹನ್ನೆರಡು ದಿನಗಳಲ್ಲಿ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವಾಗ ಕೆಲವು ಹನಿ ರಕ್ತ ಬರಬಹುದೆಂದು ನೀವು ಎಲ್ಲೆಡೆ ಓದಿರುತ್ತೀರಿ. ಈಗ ಯಾರಿಗೆ ಕಲೆ ಕಂಡರೂ ಅದು ಇಂಪ್ಲಾಂಟೇಶನ್ ರಕ್ತವೇ ಎಂದು ಹೇಳಿಬಿಡುವುದು ರೂಢಿಯಾಗಿದೆ. ನನಗೆ ಆ ಧೈರ್ಯವಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಗರ್ಭಿಣಿಯಾಗಲು ಬಯಸಿದ ಮಹಿಳೆಯರು ದಿನವೂ ತಮ್ಮ ರಕ್ತಸ್ರಾವವನ್ನು ಬರೆದಿಟ್ಟಿದ್ದರು. ಗರ್ಭ ಕಟ್ಟಿದ 151 ಮಂದಿಯಲ್ಲಿ 14 ಮಂದಿಗೆ ಮೊದಲ ಎಂಟು ವಾರಗಳೊಳಗೆ ರಕ್ತ ಕಂಡಿತ್ತು. ಅದು ಗರ್ಭ ಅಂಟಿಕೊಂಡ ದಿನ ಕಂಡದ್ದು ಅಪರೂಪ, ಮುಟ್ಟು ಬರಬೇಕಾಗಿದ್ದ ದಿನಗಳ ಆಸುಪಾಸಿನಲ್ಲಿ ಕಂಡದ್ದೇ ಹೆಚ್ಚು. ನಿಮಗಾದ ಹಾಗೆಯೇ. ಹೆಂಗಸರು ಮೋಸಹೋಗುವುದೂ ಇದೇ ಕಾರಣಕ್ಕೆ: ಬರಬೇಕಾದ ವೇಳೆಗೆ ಬಂದದ್ದನ್ನು ಯಾರು ಅನುಮಾನಿಸುತ್ತಾರೆ? ಆ 14 ಮಂದಿಯಲ್ಲಿ 12 ಮಂದಿಗೆ ಜೀವಂತ ಮಗು ಹುಟ್ಟಿತು.

ಇನ್ನು ಮಾತ್ರೆಯ ವಿಷಯ. ಗರ್ಭದ ಅರಿವಿಲ್ಲದೆ ಒಂದೆರಡು ನೋವಿನ ಮಾತ್ರೆ ತೆಗೆದುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕಾಗಿ ನಿದ್ದೆಗೆಡಬೇಡಿ. ಆದರೆ ಮಾತ್ರೆಯ ಹೆಸರನ್ನು ನಿಮ್ಮ ವೈದ್ಯರಿಗೆ ತಪ್ಪದೆ ತಿಳಿಸಿ, ಇನ್ನು ಮುಂದೆ ಆ ಜಾತಿಯ ಮಾತ್ರೆಗಳನ್ನು ಅವರನ್ನು ಕೇಳದೆ ಮುಟ್ಟಬೇಡಿ. ಗರ್ಭಿಣಿಯರ ಸಾಧಾರಣ ನೋವಿಗೆ ನಾವು ಮೊದಲು ಕೊಡುವುದು ಪ್ಯಾರಾಸಿಟಮಾಲ್.

ಹಳೆಯ ಮಾಟುಂಗಾ

ಡಾಕ್ಟರಮ್ಮನವರು ಬರೆದದ್ದನ್ನು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡೆ. ನನಗೀಗ ಎಪ್ಪತ್ತಮೂರು. ನಮ್ಮ ಕಾಲದಲ್ಲಿ ಪಟ್ಟಿಯ ಪರೀಕ್ಷೆಯಿಲ್ಲ, ಸೋನೋಗ್ರಫಿ ಇಲ್ಲ. ದಿನ ನಿಂತರೆ ಬಸಿರು, ಕಂಡರೆ ಬಸಿರಿಲ್ಲ, ಅಷ್ಟೇ ಲೆಕ್ಕ. ಬಸಿರಿನಲ್ಲಿ ಕಲೆ ಕಂಡರೆ ಉಷ್ಣವಾಗಿದೆ ಎಂದು ಕೊತ್ತಂಬರಿ ಬೀಜದ ಕಷಾಯ, ಎಳನೀರು ಕೊಟ್ಟು ಮಲಗಿಸುತ್ತಿದ್ದರು. ಕೆಲವರಿಗೆ ನಿಂತುಹೋಗುತ್ತಿತ್ತು, ನಿಂತದ್ದು ಕಷಾಯದಿಂದಲೇ ಎಂದು ನಾವು ನಂಬಿದ್ದೆವು. ಈಗ ನೀವು ಅರ್ಧಕ್ಕಿಂತ ಹೆಚ್ಚು ಮಂದಿಗೆ ತಾನಾಗಿಯೇ ಸರಿಹೋಗುತ್ತದೆ ಎನ್ನುತ್ತೀರಿ. ಹಾಗಾದರೆ ಕಷಾಯಕ್ಕೆ ಸಂದ ಕೀರ್ತಿಯೆಲ್ಲ ಪುಕ್ಕಟೆಯೇ ಎಂದು ನಗು ಬಂತು.

ಆದರೆ ಒಂದು ಮಾತು. ನಮ್ಮ ಓರಗಿತ್ತಿಗೆ 'ಏಳು ತಿಂಗಳಿಗೇ' ಹುಟ್ಟಿದ ಮಗು ಮೂರು ಕಿಲೋ ತೂಗಿತ್ತು. ಊರಿನವರು ಏನೇನೋ ಆಡಿಕೊಂಡರು, ಅವಳು ವರ್ಷಗಟ್ಟಲೆ ತಲೆ ತಗ್ಗಿಸಿ ಓಡಾಡಿದಳು. ಮದುವೆಯಾದ ಎರಡನೆಯ ತಿಂಗಳಲ್ಲಿ ಕಂಡದ್ದನ್ನು ಅವಳೂ ಮುಟ್ಟೆಂದೇ ಎಣಿಸಿ ಹೊರಗೆ ಕುಳಿತಿದ್ದಳು. ಈಗ ಅನಿಸುತ್ತಿದೆ, ಲೆಕ್ಕ ತಪ್ಪಿದ್ದು ಅಲ್ಲೇ ಇರಬೇಕು. ಹೇಳೋಣವೆಂದರೆ ಅವಳಿಲ್ಲ.

ವಾಸ್ಕೊದ ದಾದಿ, ಗೋವಾ

ಅಜ್ಜಿಯವರ ಮಾತು ಮನಸ್ಸಿಗೆ ತಟ್ಟಿತು. ಮೇಲಿನ ಉತ್ತರಗಳಿಂದ ಯಾರಾದರೂ 'ಕಲೆ ತಾನೇ, ಸರಿಹೋಗುತ್ತದೆ' ಎಂದು ಸುಮ್ಮನಾದಾರೆಂಬ ಅಂಜಿಕೆಯಿಂದ ನಾನು ಇನ್ನೊಂದು ಬದಿಯನ್ನು ಬರೆಯುತ್ತಿದ್ದೇನೆ. ಹದಿನಾರು ವರ್ಷಗಳಿಂದ ಇಲ್ಲಿ ದಾದಿಯಾಗಿದ್ದೇನೆ. ಬಾಗಲಕೋಟೆ, ವಿಜಯಪುರದ ಕಡೆಯಿಂದ ದುಡಿಯಲು ಬಂದ ನಮ್ಮ ಹೆಣ್ಣುಮಕ್ಕಳು ಬಂದಾಗ ಮಾತನಾಡಿಸಲು ನನ್ನನ್ನೇ ಕರೆಯುತ್ತಾರೆ.

ಒಮ್ಮೆ ಮೂರು ಮಕ್ಕಳ ತಾಯಿಯೊಬ್ಬರನ್ನು ಗಂಡ ರಿಕ್ಷಾದಲ್ಲಿ ಕರೆತಂದರು. ಆರು ದಿನಗಳಿಂದ ಕಪ್ಪು ಮಿಶ್ರಿತ ರಕ್ತ, ಅದೂ ಸ್ವಲ್ಪವೇ. ಮುಟ್ಟಾಗಿದ್ದೇನೆ, ಈ ಸಲ ಸರಿಯಾಗಿ ಹೋಗುತ್ತಿಲ್ಲ ಎಂದರು. ಬಸಿರೇನಾದರೂ ಇರಬಹುದೇ ಎಂದು ಕೇಳಿದ್ದಕ್ಕೆ, 'ಆಪರೇಷನ್ ಮಾಡಿಸಿಕೊಂಡು ನಾಲ್ಕು ವರ್ಷವಾಯಿತು ಅಕ್ಕಾ, ಎಲ್ಲಿಯ ಬಸಿರು' ಎಂದು ನಕ್ಕರು. ಹೊಟ್ಟೆಯ ಎಡಬದಿಯಲ್ಲಿ ನೋವಿತ್ತು. ಅದಕ್ಕಿಂತ ಹೆಚ್ಚಾಗಿ ಬಲ ಹೆಗಲ ತುದಿಯಲ್ಲಿ ನೋವಿತ್ತು. ಕೊಡ ಎತ್ತಿದ್ದರಿಂದ ಉಳುಕಿರಬೇಕೆಂದು ಎಣ್ಣೆ ತಿಕ್ಕಿಸಿಕೊಂಡಿದ್ದರು. ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಮೂಡುವಷ್ಟರಲ್ಲಿ ಕುಳಿತಲ್ಲೇ ಬೆವೆತು ಕಣ್ಣು ಕತ್ತಲಿಟ್ಟು ಬಿದ್ದರು. ಗರ್ಭನಾಳದಲ್ಲಿ ಕಟ್ಟಿದ ಗರ್ಭ ನಾಳವನ್ನೇ ಒಡೆದಿತ್ತು. ಹೊರಗೆ ಕಂಡ ರಕ್ತ ಚಮಚದಷ್ಟು, ಹೊಟ್ಟೆಯೊಳಗೆ ಸೋರಿದ್ದು ಒಂದು ಲೀಟರಿಗೂ ಹೆಚ್ಚು. ಶಸ್ತ್ರಚಿಕಿತ್ಸೆಯಾಗಿ ಬದುಕಿದರು.

ಒಳಗೆ ಸೋರಿದ ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸಿದಾಗ, ನರದ ಹಾದಿ ಒಂದೇ ಆಗಿರುವುದರಿಂದ, ನೋವು ಹೆಗಲ ತುದಿಯಲ್ಲಿ ಕಾಣಿಸುತ್ತದೆ. ಇದನ್ನು ವಾಯುವೆಂದೋ ಉಳುಕೆಂದೋ ತಳ್ಳಿಹಾಕುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ಬಸಿರಾಗುವುದು ಬಹಳ ಅಪರೂಪ. ಆದರೆ ಒಂದು ವೇಳೆ ಬಸಿರಾದರೆ, ಅದು ನಾಳದಲ್ಲೇ ನಿಲ್ಲುವ ಸಂಭವ ಉಳಿದವರಿಗಿಂತ ಎಷ್ಟೋ ಹೆಚ್ಚು. ಕಾಪರ್-ಟಿ ಇದ್ದಾಗ ಬಸಿರಾದವರಿಗೂ, ಹಿಂದೆ ಒಮ್ಮೆ ನಾಳದ ಗರ್ಭವಾದವರಿಗೂ, ಕಿಬ್ಬೊಟ್ಟೆಯೊಳಗೆ ಸೋಂಕಾದವರಿಗೂ ಇದೇ ಎಚ್ಚರ ಬೇಕು. ಇಂಥವರಿಗೆ ಮುಟ್ಟು ತಡವಾಗಿ ಬಂದು ಸರಿಯಾಗಿ ಹೋಗದೆ ಒಂದು ಬದಿ ನೋಯುತ್ತಿದ್ದರೆ ಅದು ಮುಟ್ಟಲ್ಲ ಎಂದೇ ಹಿಡಿದು ಆಸ್ಪತ್ರೆಗೆ ಹೊರಡಬೇಕು. ತಲೆ ಸುತ್ತಿ ಬಿದ್ದವರನ್ನು ರಿಕ್ಷಾಕ್ಕೆ ಹತ್ತಿಸುವ ಬದಲು 108ಕ್ಕೆ ಕರೆ ಮಾಡಿ. ಗೋವಾದಲ್ಲೂ ಮಹಾರಾಷ್ಟ್ರದಲ್ಲೂ ಅದೇ ಸಂಖ್ಯೆ.

ಕಿಟಕಿಯಂಚು, ಘಾಟ್ಕೋಪರ್

ಓದುತ್ತಾ ಕೈ ತಣ್ಣಗಾಯಿತು ಅಕ್ಕಾ. ಏಪ್ರಿಲ್ ತಿಂಗಳಲ್ಲಿ ನನಗೂ ಇದೇ ಆಗಿದ್ದಿದ್ದರೆ ನಾನೂ ಎಣ್ಣೆಯನ್ನೇ ತಿಕ್ಕಿಸಿಕೊಳ್ಳುತ್ತಿದ್ದೆ. ಆ ಮೂರು ದಿನಗಳಲ್ಲೇ ನಾನು ಪರೀಕ್ಷೆ ಮಾಡಿಕೊಂಡಿದ್ದರೆ ಗೊತ್ತಾಗುತ್ತಿತ್ತೇ?

ಗಾಜಿನ ಪಟ್ಟಿಕೆ, ಡೊಂಬಿವಲಿ (ನಿವೃತ್ತ ಲ್ಯಾಬ್ ಟೆಕ್ನಿಶಿಯನ್)

ಬಹುಮಟ್ಟಿಗೆ ಗೊತ್ತಾಗುತ್ತಿತ್ತು ತಾಯೀ. ಡಾಕ್ಟರರು ಹೇಳಿದ ಎಚ್‌ಸಿಜಿಯನ್ನೇ ಆ ಪಟ್ಟಿ ಹಿಡಿಯುವುದು. ಗರ್ಭ ಗೋಡೆಗೆ ಅಂಟಿದ ಮೇಲೆಯೇ ಅದು ರಕ್ತಕ್ಕೂ ಆಮೇಲೆ ಮೂತ್ರಕ್ಕೂ ಇಳಿಯುವುದರಿಂದ, ಮುಟ್ಟು ಬರಬೇಕಾದ ದಿನಕ್ಕೆ ಮುಂಚೆ ಮಾಡಿದರೆ ಇದ್ದೂ ಇಲ್ಲವೆನ್ನಬಹುದು. ನಿಮಗೆ 30ನೆಯ ದಿನ ರಕ್ತ ಕಂಡಿದೆ, ಅಂದೇ ಮಾಡಿದ್ದರೆ ಎರಡನೆಯ ಗೆರೆ ತೆಳುವಾಗಿಯಾದರೂ ಮೂಡುವ ಸಂಭವವಿತ್ತು.

ನಲವತ್ತು ವರ್ಷ ಇದನ್ನೇ ಮಾಡಿದವನಾಗಿ ಎರಡು ಮಾತು. ಬೆಳಗಿನ ಮೊದಲ ಮೂತ್ರವನ್ನೇ ಹಿಡಿಯಿರಿ. ಸಂಜೆ ಎರಡು ಲೋಟ ನೀರು ಕುಡಿದು ಬಂದು 'ಒಂದೇ ಗೆರೆ' ಎಂದು ಸಮಾಧಾನಪಟ್ಟುಕೊಂಡವರನ್ನು ನೋಡಿದ್ದೇನೆ. ಮೂತ್ರಕ್ಕೆ ಸ್ವಲ್ಪ ರಕ್ತ ಬೆರೆತರೆ ಪರೀಕ್ಷೆ ಕೆಡುವುದೆಂಬ ಭಯ ಹಲವರಿಗಿದೆ. ಒರೆಸಿಕೊಂಡು ನಡುವಿನ ಧಾರೆಯನ್ನು ಹಿಡಿದರೆ ಸಾಕು. ಪೊಟ್ಟಣದ ಮೇಲೆ ಬರೆದಿರುವಷ್ಟು ನಿಮಿಷಗಳಲ್ಲೇ ಫಲಿತಾಂಶ ನೋಡಬೇಕು. ಕಸದ ಬುಟ್ಟಿಯಿಂದ ಸಂಜೆ ಹೊರತೆಗೆದು ನೋಡಿದರೆ ಒಣಗಿದ ಪಟ್ಟಿ ಏನನ್ನೂ ತೋರಿಸಬಹುದು. ಗೆರೆ ಮೂಡದೆ ಅನುಮಾನ ಉಳಿದರೆ ಎರಡು ಮೂರು ದಿನ ಬಿಟ್ಟು ಮತ್ತೆ ಮಾಡಿ. ಸರಕಾರದ 'ನಿಶ್ಚಯ್' ಎಂಬ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಇರುತ್ತದೆ, ಅದಕ್ಕೆ ದುಡ್ಡಿಲ್ಲ.

ರಕ್ತದ ಬೀಟಾ ಎಚ್‌ಸಿಜಿ ಪರೀಕ್ಷೆ ಬೇರೆ. ಅದನ್ನು ಒಮ್ಮೆ ಮಾಡಿ ಬಿಟ್ಟರೆ ಉಪಯೋಗ ಕಡಿಮೆ, 48 ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಿಸುತ್ತಾರೆ. ಆರಂಭದ ವಾರಗಳಲ್ಲಿ ಅಂಕಿ ಏರುತ್ತಿರುವ ವೇಗ ನೋಡಿ, ಗರ್ಭ ಬೆಳೆಯುತ್ತಿದೆಯೋ, ಜಾರುತ್ತಿದೆಯೋ, ಇರಬಾರದ ಜಾಗದಲ್ಲಿದೆಯೋ ಎಂದು ಡಾಕ್ಟರರು ಅಂದಾಜು ಮಾಡುತ್ತಾರೆ. ಎರಡನೆಯ ಸಲಕ್ಕೆ ದುಡ್ಡು ಕೀಳುತ್ತಾರೆಂದು ನನ್ನೊಡನೆ ಜಗಳವಾಡಿದವರು ಕಡಿಮೆಯೇನಲ್ಲ.

ಸೈಟಿನ ಸ್ವಯಂಸೇವಕಿ, ಚಿಂಚ್ವಡ

ನಾನು ಕಟ್ಟಡದ ಸೈಟುಗಳಲ್ಲಿ ದುಡಿಯುವ ಯಾದಗಿರಿ, ಕಲಬುರಗಿ ಕಡೆಯ ಹೆಂಗಸರನ್ನು ದವಾಖಾನೆಗೆ ಕರೆದೊಯ್ಯುತ್ತೇನೆ. ತಾರೀಖಿನ ಎಡವಟ್ಟು ಅಲ್ಲಿ ದಿನನಿತ್ಯದ ಮಾತು. 'ಶೇವಟಚಿ ಪಾಳಿ ಕಧೀ' (ಕೊನೆಯ ಮುಟ್ಟು ಯಾವಾಗ) ಎಂದು ಮರಾಠಿಯಲ್ಲಿ ಕೇಳುತ್ತಾರೆ. ನಮ್ಮವರು ಕೊನೆಯದಾಗಿ ಯಾವಾಗ ಬಟ್ಟೆಯ ಮೇಲೆ ಕಲೆ ಕಂಡಿತೋ ಆ ದಿನವನ್ನು ಹೇಳುತ್ತಾರೆ, ಅದೂ 'ನಾಗರಪಂಚಮಿಯ ಮುಂಚಿನ ಸಂತೆ ದಿನ' ಎನ್ನುವ ಲೆಕ್ಕದಲ್ಲಿ. ಕೇಳಿದವರು ಬರೆದುಕೊಳ್ಳುತ್ತಾರೆ. ಕಂಡದ್ದು ಎಂದಿನಂತೆ ಇತ್ತೇ ಎಂದು ಇವರೂ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ.

ಈಗ ನಾನು ಮೊದಲೇ ಕೂರಿಸಿಕೊಂಡು ವಿಚಾರಿಸುತ್ತೇನೆ. ಅದರ ಹಿಂದಿನ ತಿಂಗಳು ಯಾವಾಗ ಆಗಿತ್ತು, ಆಗ ಎಷ್ಟು ದಿನ ಹೋಗಿತ್ತು, ಈ ಸಲ ಎಷ್ಟು ದಿನ, ಬಟ್ಟೆ ಎಷ್ಟು ಬದಲಿಸಿದೆ, ಗಡ್ಡೆ ಬಿತ್ತೇ, ನೋವು ನಡುವಿನಲ್ಲೋ ಒಂದು ಬದಿಯಲ್ಲೋ. ಒಬ್ಬಾಕೆ ಇದನ್ನೆಲ್ಲ ಕೇಳಿದ ಮೇಲೆ, 'ಹಂಗಂದ್ರ ಅದು ಮುಟ್ಟಽ ಅಲ್ಲೇನ್ರಿ ಬಾಯಾರ?' ಎಂದು ತಾನೇ ಕೇಳಿದಳು. ವೈದ್ಯರ ಬಳಿ ಹೋದಾಗ ಎರಡೂ ತಾರೀಖುಗಳನ್ನು ಹೇಳಿ, ಎರಡನೆಯದು ಕಡಿಮೆ ಇತ್ತು ಎಂದು ಸೇರಿಸಿದರೆ ಸಾಕು, ಉಳಿದದ್ದು ಅವರಿಗೆ ತಿಳಿಯುತ್ತದೆ.

ಸ್ತ್ರೀರೋಗ ವೈದ್ಯೆ, ಕೋಥರೂಡ್, ಪುಣೆ

ಚಿಂಚ್ವಡದ ಸೋದರಿ ಹೇಳಿದ ಆ ಎರಡು ತಾರೀಖುಗಳ ಬೆಲೆ ಎಷ್ಟೆಂದರೆ, ಹೆರಿಗೆಯ ದಿನವನ್ನು ನಾವು ಲೆಕ್ಕ ಹಾಕುವುದೇ ಕೊನೆಯ ಸಹಜ ಮುಟ್ಟಿನ ಮೊದಲ ದಿನದಿಂದ, ಸುಮಾರು 280 ದಿನ ಎಣಿಸಿ. ಒಂದು ತಿಂಗಳು ತಪ್ಪಿದರೆ ಅನಾಹುತ ಎರಡು ಬಗೆಯದು. ಹತ್ತು ವಾರದ ಗರ್ಭವನ್ನು ಆರು ವಾರದ್ದೆಂದು ತಿಳಿದರೆ, 11ರಿಂದ 14 ವಾರಗಳ ನಡುವೆ ಮಾಡಬೇಕಾದ ಪರೀಕ್ಷೆಗಳ ಗಡುವು ತಿಳಿಯದೆ ದಾಟಿಹೋಗುತ್ತದೆ. ಕೊನೆಯಲ್ಲಿ ದಿನ ಮೀರಿದ ಕೂಸನ್ನು ಇನ್ನೂ ದಿನ ತುಂಬಿಲ್ಲವೆಂದು ಕಾಯುತ್ತಾ ಕೂರಬೇಕಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಕೂಸಿನ ಉದ್ದವನ್ನು ತಲೆಯಿಂದ ಪೃಷ್ಠದವರೆಗೆ ಅಳೆದು ವಯಸ್ಸು ಹೇಳುವ ಸೋನೋಗ್ರಫಿ ಕೆಲವೇ ದಿನಗಳ ಹೆಚ್ಚು ಕಡಿಮೆಯಲ್ಲಿ ಸರಿಯಾಗಿರುತ್ತದೆ. ತಿಂಗಳು ಏರಿದಂತೆ ಕೂಸುಗಳು ತಮ್ಮ ತಮ್ಮ ಮೈಕಟ್ಟಿಗೆ ತಕ್ಕಂತೆ ಬೆಳೆಯುವುದರಿಂದ ಆ ಅಳತೆಯನ್ನು ಅಷ್ಟು ನಂಬಲಾಗದು. ಆದ್ದರಿಂದ ಡಿಸೆಂಬರ್ 11 ಎಂಬುದನ್ನೇ ಹಿಡಿಯಿರಿ.

ರೈಲಿನ ಮೂರನೆಯ ಸೀಟು, ಮುಲುಂಡ್

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕಳೆದ ವರ್ಷ ಎಂಟನೆಯ ವಾರದಲ್ಲಿ ನನಗೆ ರಕ್ತ ಕಂಡಿತು. ಬಸಿರೆಂದು ಗೊತ್ತಿತ್ತು. ಮೊದಲ ದಿನ ಕಂದು ಬಣ್ಣ, ಮರುದಿನ ಕೆಂಪು, ಮೂರನೆಯ ದಿನ ಗಡ್ಡೆ ಗಡ್ಡೆಯಾಗಿ. ಉಳಿಯಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಮೊದಲು 'ಥ್ರೆಟೆನ್ಡ್ ಅಬಾರ್ಷನ್' ಎಂದು ಬರೆದಿದ್ದರು. ನಾನೇ ತೆಗೆಸಲು ಹೊರಟೆನೆಂದು ಅವರು ತಿಳಿದರೇನೋ ಎಂದು ಆ ಪದವನ್ನು ಕಂಡು ಅತ್ತಿದ್ದೆ. ದಿನವೂ ಲೋಕಲ್‌ನಲ್ಲಿ ನಿಂತು ಹೋಗಿ ಸೇತುವೆ ಹತ್ತಿ ಇಳಿದದ್ದರಿಂದಲೇ ಹೀಗಾಯಿತೆಂದು ಮನೆಯವರು ಈಗಲೂ ಹೇಳುತ್ತಾರೆ. ಹೌದೇ?

ಸ್ತ್ರೀರೋಗ ವೈದ್ಯೆ, ಕೋಥರೂಡ್, ಪುಣೆ

ಅಲ್ಲ. ಮನೆಯವರಿಗೆ ಇದನ್ನು ತೋರಿಸಿ ಬೇಕಾದರೆ. ಆರಂಭದ ತಿಂಗಳುಗಳಲ್ಲಿ ಜಾರುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕೂಸಿನ ವರ್ಣತಂತುಗಳ ಎಣಿಕೆಯಲ್ಲಿ ಬಿದ್ದ ಏರುಪೇರು. ಅಂಡವೂ ವೀರ್ಯವೂ ಕೂಡಿದ ಗಳಿಗೆಯಲ್ಲೇ ಅದು ಬಹುಪಾಲು ತೀರ್ಮಾನವಾಗಿರುತ್ತದೆ. ನಿಂತು ಪ್ರಯಾಣ ಮಾಡಿದ್ದಕ್ಕೆ, ಮೆಟ್ಟಿಲು ಹತ್ತಿದ್ದಕ್ಕೆ ಒಂದು ಸರಿಯಾದ ಗರ್ಭ ಕಳಚಿ ಬೀಳುವುದಿಲ್ಲ. ಗೊತ್ತಾದ ಬಸಿರುಗಳಲ್ಲೇ ನೂರಕ್ಕೆ 10ರಿಂದ 20 ಹೀಗೆ ಹೋಗುತ್ತವೆ.

ಆ ಪದದ ವಿಷಯದಲ್ಲಿ ತಪ್ಪು ನಮ್ಮ ಕಸುಬಿನದು. ವೈದ್ಯರ ಭಾಷೆಯಲ್ಲಿ ತಾನಾಗಿ ಜಾರಿದ್ದಕ್ಕೂ ತೆಗೆಸಿದ್ದಕ್ಕೂ ಅಬಾರ್ಷನ್ ಎಂಬ ಒಂದೇ ಹೆಸರು. 'ಥ್ರೆಟೆನ್ಡ್' ಎಂದರೆ ರಕ್ತ ಕಂಡಿದೆ, ಗರ್ಭಕೋಶದ ಬಾಯಿ ಮುಚ್ಚಿಯೇ ಇದೆ, ಉಳಿಯುವ ಸಾಧ್ಯತೆ ಇದೆ ಎಂದಷ್ಟೇ ಅರ್ಥ. ಅದನ್ನು ಬಾಯಿಬಿಟ್ಟು ಹೇಳಲು ಒಂದು ನಿಮಿಷ ಸಾಕು, ಹೇಳದೆ ಕಾಗದ ಕೈಗಿಡುತ್ತೇವೆ.

ಮುಂದಿನ ಸಲ ನಿಮಗೆ ಉಪಯೋಗಕ್ಕೆ ಬರಬಹುದಾದ ಒಂದು ಸಂಗತಿ: ಹಿಂದೆ ಗರ್ಭಪಾತವಾಗಿದ್ದು ಈ ಬಸಿರಿನ ಆರಂಭದಲ್ಲೂ ರಕ್ತ ಕಂಡವರಿಗೆ ಪ್ರೊಜೆಸ್ಟೆರಾನ್ ಕೊಟ್ಟರೆ ಸ್ವಲ್ಪ ಅನುಕೂಲವಾಗುತ್ತದೆಂದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗದಿಂದ ಕಂಡುಬಂದಿದೆ. ರಕ್ತ ಕಂಡವರೆಲ್ಲರಿಗೂ ಅದರಿಂದ ಲಾಭವಿದೆಯೆಂದು ಆ ಪ್ರಯೋಗ ತೋರಿಸಲಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವುದರಿಂದ ಗರ್ಭ ಉಳಿಯುತ್ತದೆ ಎಂಬುದಕ್ಕೂ ಆಧಾರವಿಲ್ಲ.

ಸಾಂಗ್ವಿಯ ಗಂಡ, ಪುಣೆ

ಗಂಡಸರು ಇಲ್ಲಿ ಬರೆಯಬಹುದೇ ಎಂದು ಅಳುಕಿನಿಂದಲೇ ಕೇಳುತ್ತಿದ್ದೇನೆ. ನನ್ನ ಹೆಂಡತಿಗೆ ಒಂಬತ್ತನೆಯ ವಾರ, ರಕ್ತದ ಗುಂಪು ಬಿ ನೆಗೆಟಿವ್, ನನ್ನದು ಪಾಸಿಟಿವ್. ನಿನ್ನೆ ಒಂದೆರಡು ಹನಿ ಕಂಡಿತು. ಹತ್ತಿರದ ಆಸ್ಪತ್ರೆಯೊಂದಕ್ಕೆ ಹೋದರೆ ಸ್ವಾಗತದಲ್ಲಿದ್ದವರು, ಹನಿ ತಾನೇ, ಸೋಮವಾರ ಬನ್ನಿ ಎಂದು ಕಳಿಸಿದರು. ಕಾಯಬಹುದೇ?

ಸ್ತ್ರೀರೋಗ ವೈದ್ಯೆ, ಕೋಥರೂಡ್, ಪುಣೆ

ಕಾಯಬೇಡಿ, ಇಂದೇ ಒಬ್ಬ ವೈದ್ಯರಿಗೆ ತೋರಿಸಿ, ಗುಂಪು ನೆಗೆಟಿವ್ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಮಂದಿಯ ರಕ್ತ ನೆಗೆಟಿವ್. ಕೂಸಿನದು ಪಾಸಿಟಿವ್ ಆಗಿದ್ದು ಅದರ ರಕ್ತ ತಾಯಿಯ ರಕ್ತಕ್ಕೆ ಬೆರೆತರೆ, ತಾಯಿಯ ಮೈ ಅದರ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಳ್ಳಬಹುದು. ಈ ಕೂಸಿಗಿಂತ ಮುಂದಿನ ಕೂಸಿಗೆ ಅದರಿಂದ ಅಪಾಯ. ಅದನ್ನು ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕೆಂದಾದರೆ ರಕ್ತ ಕಂಡ 72 ಗಂಟೆಗಳೊಳಗೆ ಕೊಡುವುದು ಕ್ರಮ. 12 ವಾರಗಳೊಳಗಿನ ಒಂದೆರಡು ಹನಿಗೆ ಅದು ಬೇಕಾಗದೆಯೂ ಇರಬಹುದು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರೇ ಹೊರತು ಸ್ವಾಗತದ ಮೇಜಲ್ಲ.

ವಾಸ್ಕೊದ ದಾದಿ, ಗೋವಾ

ಮಾತು ಮೊದಲ ಮೂರು ತಿಂಗಳ ಸುತ್ತಲೇ ನಡೆಯುತ್ತಿದೆ. ಏಳೆಂಟು ತಿಂಗಳಲ್ಲಿ ಕಂಡ ರಕ್ತವನ್ನು ಯಾರೂ ಮುಟ್ಟೆನ್ನುವುದಿಲ್ಲ ನಿಜ, ಆದರೆ 'ನೋವಿಲ್ಲವಲ್ಲ' ಎಂದು ಮನೆಯಲ್ಲಿ ಉಳಿಯುವವರಿದ್ದಾರೆ. ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಾಗ ಬರುವ ಕೆಂಪು ರಕ್ತಕ್ಕೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮಾಸು ಗೋಡೆಯಿಂದ ಬಿಟ್ಟುಕೊಂಡಾಗ ಹೊಟ್ಟೆ ಕಲ್ಲಿನಂತಾಗಿ ಸಹಿಸಲಾಗದ ನೋವಿರುತ್ತದೆ, ರಕ್ತ ಹೊರಗೆ ಸ್ವಲ್ಪವೇ ಕಾಣಬಹುದು. ಎರಡಕ್ಕೂ ನೇರವಾಗಿ ದೊಡ್ಡ ಆಸ್ಪತ್ರೆ. ಯಾವ ತಿಂಗಳೇ ಆಗಲಿ, ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ ಕಾಯುವಂತಿಲ್ಲ. ಲೆಕ್ಕ ಸಿಗಬೇಕಾದರೆ ಪ್ಯಾಡನ್ನೇ ಬಳಸಿ, ಟ್ಯಾಂಪನ್ ಬೇಡ. ಮಾಂಸದ ಚೂರಿನಂಥದ್ದು ಬಿದ್ದರೆ ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿ ತನ್ನಿ. ಹೇಸಿಗೆಪಡಬೇಡಿ, ವೈದ್ಯರಿಗೆ ಅದರಿಂದ ಬಹಳ ತಿಳಿಯುತ್ತದೆ.

ಹಳೆಯ ಮಾಟುಂಗಾ

ಕೂಡಿಕೆಯಾದ ಮರುದಿನ ಕಂಡರೆ? ನಮ್ಮ ಕಾಲದಲ್ಲಿ ಇದನ್ನು ಯಾರಿಗೂ ಕೇಳುವಂತಿರಲಿಲ್ಲ, ಈ ವಯಸ್ಸಿನಲ್ಲಿ ನಾನೇ ಎಲ್ಲರ ಪರವಾಗಿ ಕೇಳಿಬಿಡುತ್ತೇನೆ.

ಸ್ತ್ರೀರೋಗ ವೈದ್ಯೆ, ಕೋಥರೂಡ್, ಪುಣೆ

ನೀವು ಕೇಳಿದ್ದು ಎಷ್ಟೋ ಮಂದಿಗೆ ಉಪಕಾರವಾಯಿತು ಅಮ್ಮಾ. ಬಸಿರಿನಲ್ಲಿ ಗರ್ಭಕೋಶದ ಕೊರಳಿಗೆ ರಕ್ತಸಂಚಾರ ಹೆಚ್ಚಿ ಅದು ಮೃದುವಾಗಿರುವುದರಿಂದ, ಕೂಡಿದ ಮೇಲೆ ಅಥವಾ ಒಳಪರೀಕ್ಷೆಯಾದ ಮೇಲೆ ಸ್ವಲ್ಪ ರಕ್ತ ಕಾಣುವುದು ಸಾಮಾನ್ಯ. ಅದರಿಂದ ಕೂಸಿಗೆ ಪೆಟ್ಟಾಗುವುದಿಲ್ಲ. ಆದರೂ ಮತ್ತೆ ಮತ್ತೆ ಕಂಡರೆ ಕೊರಳಿನಲ್ಲಿ ಗಂಟೋ ಸೋಂಕೋ ಇದೆಯೇ ಎಂದು ಒಮ್ಮೆ ನೋಡಿಸಬೇಕು.

ಸಾಂಗ್ವಿಯ ಗಂಡ, ಪುಣೆ

ನಿನ್ನೆ ಸಂಜೆಯೇ ಬೇರೆ ಕಡೆ ತೋರಿಸಿದೆವು. ಸೋನೋಗ್ರಫಿಯಲ್ಲಿ ಗರ್ಭಚೀಲದ ಪಕ್ಕ ಸಣ್ಣ ಹೆಪ್ಪು ಕಂಡಿದೆ, ಹೃದಯ ಬಡಿಯುತ್ತಿದೆ. ಹತ್ತು ದಿನ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಇಂಜೆಕ್ಷನ್ ಈಗ ಬೇಡ, ರಕ್ತ ಹೆಚ್ಚಾದರೆ ಕೂಡಲೇ ಬನ್ನಿ ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದಾರೆ.

ಕಿಟಕಿಯಂಚು, ಘಾಟ್ಕೋಪರ್

ನರ್ಸಿಂಗ್ ಹೋಮಿನ ಚೀಟಿಯನ್ನು ಇವತ್ತು ತಿದ್ದಿಸಿಕೊಂಡು ಬಂದೆ, ಮಾತ್ರೆಯ ಹೆಸರನ್ನೂ ಹೇಳಿದೆ. ಮುಂದಿನ ಸೋನೋಗ್ರಫಿ ಮತ್ತು ರಕ್ತ ಪರೀಕ್ಷೆ ಇದೇ ವಾರ ಆಗಬೇಕಂತೆ, ಜನವರಿಯ ಲೆಕ್ಕ ಹಿಡಿದಿದ್ದರೆ ಜೂನ್ ಕೊನೆಯವರೆಗೂ ನಾನು ಅತ್ತ ಸುಳಿಯುತ್ತಿರಲಿಲ್ಲ. ಅತ್ತೆಯವರಿಗೆ ಈ ಚರ್ಚೆಯನ್ನು ಮೊದಲಿನಿಂದ ಓದಿ ಹೇಳಿದೆ. ವಾಸ್ಕೊದ ಅಕ್ಕ ಬರೆದದ್ದು ಬಂದಾಗ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದರು. ಕೊನೆಗೆ ಅವರೇ ಎದ್ದು ಹೋಗಿ ಕ್ಯಾಲೆಂಡರಿನ ಏಪ್ರಿಲ್ ಹಾಳೆ ತಿರುವಿ, 2ರ ಸುತ್ತ ಇದ್ದ ನನ್ನ ಗುರುತಿನ ಮೇಲೆ ಅಡ್ಡಗೆರೆ ಎಳೆದು, ದೊಡ್ಡ ನಾದಿನಿಯ ಮಗಳಿಗೆ ಫೋನು ಹಚ್ಚಿಕೊಡು ಎಂದರು. ಅವಳಿಗೆ ಎರಡು ದಿನಗಳಿಂದ ಕಾಣುತ್ತಿದೆಯಂತೆ, ಕಡಿಮೆ ಇದೆಯಂತೆ.